ಭಾರ ಇಳಿಸಿ ಓಡೋಣ

ಸಾಧಾರಣ ಕಾಲದ 20ನೇ ಭಾನುವಾರ, ಸಿ ವರ್ಷ
ಎರಡನೇ ವಾಚನ: ಹಿಬ್ರಿಯರಿಗೆ 12:1-4



ಈ ಭಾನುವಾರದ ಎರಡನೇ ವಾಚನ ನಮ್ಮನ್ನು ಓಟದ ಬಯಲಿಗೆ ಕರೆದೊಯ್ಯುತ್ತದೆ. ನಮಗಿಂತ ಮೊದಲು ಓಡಿ ಮುಗಿಸಿದ ವಿಶ್ವಾಸಿಗಳು ಮೋಡ ಕವಿದಂತೆ ಸುತ್ತಲೂ ನಿಂತಿದ್ದಾರೆ. ಈಗ ಓಡಬೇಕಾದವರು ನಾವು. ಅದಕ್ಕೆ ಈ ಪತ್ರ ಮೂರು ಬುದ್ಧಿಮಾತು ಹೇಳುತ್ತದೆ: ಮೈಮೇಲಿನ ಭಾರ ಇಳಿಸಿ, ತಾಳ್ಮೆಯಿಂದ ಓಡಿ, ಕಣ್ಣನ್ನು ಯೇಸುಸ್ವಾಮಿಯ ಮೇಲಿಡಿ. ಇದು ಶಾಲಾ ಮಕ್ಕಳ ನೂರು ಮೀಟರ್ ಓಟವಲ್ಲ, ದೂರದ ಓಟ. ಇಲ್ಲಿ ವೇಗಕ್ಕಿಂತ ತಾಳಿಕೆ ದೊಡ್ಡದು.

ವೇಳಾಂಕಣ್ಣಿ ಮಾತೆಯ ಹಬ್ಬಕ್ಕೆ ಪಾದಯಾತ್ರೆ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಲ ದಿನದ ಉತ್ಸಾಹ ಮೂರನೇ ದಿನ ಕಾಲಿನ ಬೊಬ್ಬೆಯಲ್ಲಿ ಕರಗಿ ಹೋಗುತ್ತದೆ. ಆಮೇಲೆ ನಡೆಸುವುದು ಅಭ್ಯಾಸ, ಹರಕೆ, ಜೊತೆಯವರ ಜಪಸರ.

ಇಂದು ದೊಡ್ಡ ನಗರಗಳಲ್ಲಿ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ಜನ ಓಡುತ್ತಾರೆ. ಅಂಥ ಓಟಗಳಿಗೆ ದೊಡ್ಡ ಪ್ರೇರಣೆಯಾದವನು ಕೆನಡಾ ದೇಶದ ಟೆರ್ರಿ ಫಾಕ್ಸ್ ಎಂಬ ಯುವಕ. 1977ರಲ್ಲಿ, 18ನೇ ವಯಸ್ಸಿನಲ್ಲಿ, ಮೂಳೆ ಕ್ಯಾನ್ಸರ್‌ನಿಂದಾಗಿ ಆತನ ಬಲಗಾಲನ್ನು ಮೊಣಕಾಲಿನ ಮೇಲೆ ಕತ್ತರಿಸಿದರು. ಚಿಕಿತ್ಸೆಯ ತಿಂಗಳುಗಳಲ್ಲಿ ಪಕ್ಕದ ಹಾಸಿಗೆಗಳ ರೋಗಿಗಳನ್ನು ಕಂಡು ಆತನ ಮನಸ್ಸು ಕರಗಿತು. ತಾನು ಗುಣವಾದೆ ಎಂದು ಮನೆಗೆ ಹೋಗಿ ಸುಮ್ಮನಿರಲು ಆತನಿಂದಾಗಲಿಲ್ಲ. ಕೆನಡಾವನ್ನು ಒಂದು ಕಡಲಿಂದ ಇನ್ನೊಂದು ಕಡಲಿಗೆ ಓಡಿ ದಾಟುತ್ತೇನೆ, ಸಂಶೋಧನೆಗೆ ಹಣ ಕೂಡಿಸುತ್ತೇನೆ ಎಂದು ನಿಶ್ಚಯಿಸಿದ.

1979ರಲ್ಲಿ ಕೃತಕ ಕಾಲು ಕಟ್ಟಿಕೊಂಡು ಅಭ್ಯಾಸ ಶುರು ಮಾಡಿದ. ಆರಂಭದಲ್ಲಿ ಒಂದು ಕಿಲೋಮೀಟರ್ ಓಡುವುದೂ ಕಷ್ಟವಾಗಿತ್ತು. ಕತ್ತರಿಸಿದ ಜಾಗ ಉಜ್ಜಿ ರಕ್ತ ಬರುತ್ತಿತ್ತು. ಆದರೂ ದಿನಕ್ಕಿಷ್ಟು ಹೆಚ್ಚಿಸುತ್ತಾ ಅಭ್ಯಾಸದಲ್ಲಿಯೇ ಸುಮಾರು 5,000 ಕಿಲೋಮೀಟರ್ ಓಡಿದ. ಆ ವರ್ಷ ಒಂದು ಸ್ಪರ್ಧೆಯಲ್ಲಿ ಕಟ್ಟಕಡೆಯವನಾಗಿ ಗುರಿ ಮುಟ್ಟಿದ. ಅದರಿಂದ ಎದೆಗುಂದಲಿಲ್ಲ. ಮುಂದಿನ ದೊಡ್ಡ ಓಟವನ್ನು ಪ್ರಾರಂಭಿಸುವ ಧೈರ್ಯವೇ ಬಂತು.

1980ರ ಏಪ್ರಿಲ್ 12ರಂದು ಅಟ್ಲಾಂಟಿಕ್ ಸಾಗರದ ದಡದಿಂದ ಹೊರಟ ಆತ ದಿನಕ್ಕೆ ಸರಾಸರಿ ಸುಮಾರು 38 ಕಿಲೋಮೀಟರ್‌ನಂತೆ 143 ದಿನಗಳಲ್ಲಿ 5,373 ಕಿಲೋಮೀಟರ್ ಓಡಿದ. ಸೆಪ್ಟೆಂಬರ್ 1ರಂದು ಥಂಡರ್ ಬೇ ಎಂಬ ಊರಿನ ಬಳಿ ಉಸಿರು ಕಟ್ಟಿತು. ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿತ್ತು. 1981ರ ಜೂನ್ 28ರಂದು, 23 ತುಂಬಲು ಒಂದು ತಿಂಗಳಿರುವಾಗ, ಆತ ತೀರಿಕೊಂಡ.

ಪ್ರಿಯರೇ, ಇಲ್ಲಿ ನಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕ್ಯಾನ್ಸರ್ ರೋಗಿಗಳ ಪಾಲಕ ಸಂತ ಪೆರೆಗ್ರಿನ್ ಅವರಿಗೂ ಕಾಲಿನ ಕ್ಯಾನ್ಸರ್ ಇತ್ತು. ಮರುದಿನ ಕಾಲು ಕತ್ತರಿಸಬೇಕೆಂದಿದ್ದಾಗ, ರಾತ್ರಿ ಶಿಲುಬೆಯ ಮುಂದೆ ಪ್ರಾರ್ಥಿಸಿ ಗುಣವಾದರೆಂದು ಧರ್ಮಸಭೆಯ ಪರಂಪರೆ ಹೇಳುತ್ತದೆ. ಒಬ್ಬರ ಕಾಲು ಉಳಿಯಿತು, ಇನ್ನೊಬ್ಬನ ಕಾಲೂ ಹೋಯಿತು, ಪ್ರಾಣವೂ ಹೋಯಿತು. ದೇವರು ಒಬ್ಬರ ಮೊರೆ ಕೇಳಿ ಇನ್ನೊಬ್ಬರದನ್ನು ತಳ್ಳಿಬಿಟ್ಟರೇ? ನಮ್ಮ ಮನೆಯಲ್ಲಿ ಅಮ್ಮನೋ ಅಕ್ಕನೋ ಹೀಗೆ ಹೋದಾಗ ಇದೇ ಪ್ರಶ್ನೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಇದಕ್ಕೆ ಸುಲಭದ ಉತ್ತರ ನಾನು ಕೊಡಲಾರೆ. ಇಂದಿನ ವಾಚನವೂ ಕೊಡುವುದಿಲ್ಲ. ಅದು ಬೆರಳು ತೋರಿಸುವುದು ಶಿಲುಬೆಯ ಕಡೆಗೆ. ಯೇಸುಸ್ವಾಮಿಯ ಕಷ್ಟವೂ ಆ ರಾತ್ರಿ ನೀಗಲಿಲ್ಲ. ಅವರು ಅದನ್ನು ಹೊತ್ತು ಕೊನೆಯವರೆಗೆ ನಡೆದರು. ಅವರ ಗಾಯಗಳಿಂದ ಇತರರಿಗೆ ಜೀವ ಬಂತು. ಟೆರ್ರಿಯ ಓಟ ದಡ ಮುಟ್ಟಲಿಲ್ಲ, ಆದರೆ ನಿಲ್ಲಲೂ ಇಲ್ಲ. ಆತ ಬದುಕಿರುವಾಗಲೇ, 1981ರ ಫೆಬ್ರವರಿಯಲ್ಲಿ, ಕೂಡಿದ ಹಣ 2.4 ಕೋಟಿ ಡಾಲರ್ ದಾಟಿತು, ಅಂದರೆ ಆ ದೇಶದ ತಲೆಗೆ ಒಂದು ಡಾಲರ್. ಇಂದಿಗೂ ಆತನ ಹೆಸರಿನಲ್ಲಿ ಹಲವು ದೇಶಗಳಲ್ಲಿ ಓಡುತ್ತಾರೆ.

ಎಲ್ಲರೂ ಕಾಲಿನಿಂದಲೇ ಓಡಬೇಕೆಂದಿಲ್ಲ. ತನ್ನ ತಂಗಿಯನ್ನು ಕ್ಯಾನ್ಸರ್‌ಗೆ ಕಳೆದುಕೊಂಡ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರು 1954ರಲ್ಲಿ ಚೆನ್ನೈನ ಅಡೆಯಾರಿನಲ್ಲಿ ಕ್ಯಾನ್ಸರ್ ಆಸ್ಪತ್ರೆ ತೆರೆದರು. ಆಗ ಇದ್ದದ್ದು 12 ಹಾಸಿಗೆ. ಮರುವರ್ಷ ಅಲ್ಲಿಗೆ ಸೇರಿದ ಡಾ. ವಿ. ಶಾಂತಾ ಅವರು 2021ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಬಡವರ ಸೇವೆ ಮಾಡಿದರು. ಅದೂ ದೂರದ ಓಟವೇ.

ಸಂಶೋಧನೆಗೆ ಕೊಟ್ಟ ಹಣ ಎಲ್ಲಿ ಹೋಗುತ್ತದೆ ಎಂದು ಕೆಲವರು ಕೇಳುತ್ತಾರೆ. ಉತ್ತರಕ್ಕೆ ಚಿನ್ನಮನೂರಿನಿಂದ ಬಹಳ ದೂರ ಹೋಗಬೇಕಿಲ್ಲ. ನೆರೆಯ ದಿಂಡಿಗಲ್ ಜಿಲ್ಲೆಯ ಹಳ್ಳಿಗಳಲ್ಲಿ, ಅಂಬಿಳಿಕ್ಕೈನ ಕ್ರೈಸ್ತ ಆರೋಗ್ಯ ಕೇಂದ್ರ ಇತರ ಸಂಸ್ಥೆಗಳೊಡನೆ ಸೇರಿ, 2000ದಿಂದ 2003ರವರೆಗೆ 30ರಿಂದ 59 ವಯಸ್ಸಿನ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ನಡೆಸಿತು. ಇದಕ್ಕೆ ಹಣ ಬಂದದ್ದು ಓಟದಿಂದಲ್ಲ, ಬೇರೆ ದಾನಿಗಳಿಂದ. ಆದರೆ ಸಂಶೋಧನೆ ಎಂದರೇನು ಎಂಬುದನ್ನು ಅದು ತೋರಿಸಿಕೊಟ್ಟಿತು. ತರಬೇತಿ ಪಡೆದ ನರ್ಸ್‌ಗಳು ಅಡುಗೆಮನೆಯ ವಿನೆಗರ್‌ನಂಥ ತೆಳು ದ್ರಾವಣವನ್ನು ಹಚ್ಚಿ ನೋಡುತ್ತಿದ್ದರು. ತೊಂದರೆಯ ಜಾಗ ಬೆಳ್ಳಗಾಗುತ್ತದೆ. ಅದನ್ನು ಇನ್ನಷ್ಟು ಪರೀಕ್ಷಿಸಿ, ರೋಗ ಬಲಿಯುವ ಮೊದಲೇ ಚಿಕಿತ್ಸೆ ಕೊಡುತ್ತಿದ್ದರು. ತಪಾಸಣೆ ಏರ್ಪಡಿಸಿದ ಹಳ್ಳಿಗಳಲ್ಲಿ, ಏರ್ಪಡಿಸದ ಹಳ್ಳಿಗಳಿಗಿಂತ, ಈ ಕ್ಯಾನ್ಸರ್‌ನ ಸಾವು ನೂರಕ್ಕೆ 35ರಷ್ಟು ಕಡಿಮೆಯಾಯಿತು. 2007ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಜಗತ್ತೇ ಗಮನಿಸಿತು.

ಆದರೆ ಅದೇ ಲೆಕ್ಕದಲ್ಲಿ ಇನ್ನೊಂದು ಸಂಖ್ಯೆ ಇದೆ. ತಪಾಸಣೆ 49,311 ಹೆಂಗಸರಿಗಾಗಿ ಇತ್ತು, ಆದದ್ದು 31,343 ಮಂದಿಗೆ. ಉಳಿದ ಸುಮಾರು 18,000 ಮಂದಿಗೆ ಆಗಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕಾರಣ ಇದ್ದಿರಬಹುದು. ನಮ್ಮ ಮನೆಗಳನ್ನು ನೋಡಿದರೆ ಕೆಲವು ಕಾರಣಗಳು ನಮಗೇ ಗೊತ್ತಾಗುತ್ತವೆ. ನಾಟಿ ಕೆಲಸ, ದ್ರಾಕ್ಷಿ ತೋಟದ ಕೂಲಿ ತಪ್ಪೀತೆಂಬ ಚಿಂತೆ. ಜನ ಏನೆಂದಾರು ಎಂಬ ಅಂಜಿಕೆ. ಮಗಳ ಮದುವೆಗೆ ಅಡ್ಡಿಯಾದೀತೆಂಬ ಭಯ. ಎಲ್ಲಕ್ಕಿಂತ ಹೆಚ್ಚಾಗಿ ನಾಚಿಕೆ. ನಮ್ಮವರಿಗೆ ಇನ್ನೊಂದು ಕಷ್ಟವಿದೆ: ಪೇಟೆಯಲ್ಲಿ ತಮಿಳು ಚೆನ್ನಾಗಿಯೇ ಆಡುತ್ತೇವೆ, ಆದರೆ ಒಳಗಿನ ನೋವನ್ನು ಹೇಳಲು ಬಾಯಿಗೆ ಬರುವುದು ಮನೆಯ ಮಾತು. ಅದು ಬಾರದಿದ್ದಾಗ ಸುಮ್ಮನಾಗುತ್ತೇವೆ.

ಓಟಕ್ಕೆ ಮೊದಲು ಇಳಿಸಬೇಕಾದ ಭಾರ ಇದೇ. ಇಂದಿನ ವಾಚನದಲ್ಲಿ ಒಂದು ಮಾತನ್ನು ಗಮನಿಸಿ: ಯೇಸುಸ್ವಾಮಿ ಶಿಲುಬೆಯ ನೋವನ್ನು ಮಾತ್ರವಲ್ಲ, ಅದರ ಅವಮಾನವನ್ನೂ ಲೆಕ್ಕಿಸಲಿಲ್ಲ. ಅವರನ್ನು ನೋಡುತ್ತಾ ಓಡುವ ನಮಗೆ ರೋಗದ ಹೆಸರು ಹೇಳಲು ನಾಚಿಕೆ ಏಕೆ? ಪ್ರಾರ್ಥನೆ ಸಾಕು, ವೈದ್ಯರೇಕೆ ಎನ್ನುವವರು ಸಿರಾಖನ ಗ್ರಂಥದ 38ನೇ ಅಧ್ಯಾಯ ಓದಲಿ. ವೈದ್ಯನನ್ನೂ ಮದ್ದನ್ನೂ ಉಂಟುಮಾಡಿದವರು ದೇವರೇ ಎಂದು ಅಲ್ಲಿದೆ.

ಆದ್ದರಿಂದ ಮೂರು ಬೇಡಿಕೆ. 30 ದಾಟಿದ ತಾಯಂದಿರೇ, ಅಕ್ಕತಂಗಿಯರೇ, ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗರ್ಭಕಂಠ ಮತ್ತು ಸ್ತನದ ತಪಾಸಣೆ ಉಚಿತ; ಒಬ್ಬರೇ ಹೋಗಲು ಅಳುಕಾದರೆ ಇಬ್ಬರು ಮೂವರು ಜೊತೆಯಾಗಿ ಹೋಗಿ. ಗಂಡಂದಿರೇ, ಮಕ್ಕಳೇ, ಅವರನ್ನು ನೀವೇ ಕರೆದುಕೊಂಡು ಹೋಗಿ; ಆ ದಿನದ ಅಡುಗೆ ನಿಮ್ಮದಾಗಲಿ. ಯುವಜನರೇ, ದೇವರು ಗಟ್ಟಿ ಕಾಲು ಕೊಟ್ಟಿದ್ದಾರೆ. ಬೆಳಗಿನ ತಂಪಿನಲ್ಲಿ ಒಂದು ಕಿಲೋಮೀಟರ್‌ನಿಂದ ಶುರು ಮಾಡಿ. ಓಡುವ ಪ್ರತಿ ಕಿಲೋಮೀಟರಿಗೆ ಮನೆಯವರಿಂದ, ನೆರೆಯವರಿಂದ ಹತ್ತು ರೂಪಾಯಿ ಕೇಳಿ, ಕ್ಯಾನ್ಸರ್ ರೋಗಿಗಳಿಗೆ, ಸಂಶೋಧನೆಗೆ ಕಳುಹಿಸಿ. ಕೊನೆಯವರಾಗಿ ಮುಟ್ಟಿದರೂ ಚಿಂತೆಯಿಲ್ಲ.

ಕರುಣಾಮಯ ಪ್ರಭುವೇ, ಹಾಸಿಗೆ ಹಿಡಿದವರಿಗೆ ತಾಳ್ಮೆಯನ್ನೂ, ಆರೈಕೆ ಮಾಡುವವರಿಗೆ ಬಲವನ್ನೂ, ನೋವನ್ನು ಬಚ್ಚಿಟ್ಟವರಿಗೆ ಬಾಯ್ಬಿಡುವ ಧೈರ್ಯವನ್ನೂ ಕೊಡಿ. ಓಟ ಮುಗಿಸಿ ಹೋದ ನಮ್ಮವರಿಗೆ ನಿತ್ಯ ವಿಶ್ರಾಂತಿ ದಯಪಾಲಿಸಿ. ಆಮೆನ್.