ಗೊಂಬೆ ಮೊದಲು ನೋಡಲಿ

ಹಳೆಯ ಕಾಲುಚೀಲಕ್ಕೆ ಎರಡು ಗುಂಡಿ ಹೊಲಿದು ಕೈಗೆ ತೊಟ್ಟರೆ ಗೊಂಬೆಯೇನೋ ಆಗುತ್ತದೆ. ಜೀವ ಬರುವುದಿಲ್ಲ. ಅಕ್ಕಿಹೆಬ್ಬಾಳಿನ ನೆಂಟರ ಮನೆಯಲ್ಲಿ ಅಳುತ್ತಿದ್ದ ಮಗುವಿನ ಮುಂದೆ ಹೀಗೊಂದು ಗೊಂಬೆಯನ್ನು ಅಲ್ಲಾಡಿಸಿ, ಕೀಚಲು ದನಿಯಲ್ಲಿ ಮಾತಾಡಿಸಿದೆ. ಮಗು ಗೊಂಬೆಯ ಕಡೆ ತಿರುಗಲಿಲ್ಲ, ನನ್ನ ಮುಖವನ್ನೇ ನೋಡಿತು.

ಮನೆಯ ಅಜ್ಜಿ ಅದನ್ನು ಈಸಿಕೊಂಡರು. ಮಾತಿಲ್ಲ, ಆಟವಿಲ್ಲ. ಗೊಂಬೆಯ ಮುಖವನ್ನು ಮೆಲ್ಲಗೆ ಬಾಗಿಲ ಕಡೆಗೆ ತಿರುಗಿಸಿ, ಹಾಗೇ ನಿಲ್ಲಿಸಿದರು. ಮಗುವೂ ಬಾಗಿಲ ಕಡೆ ನೋಡಿತು. ಆಮೇಲೆ ಗೊಂಬೆ ಮಗುವಿನತ್ತ ತಿರುಗಿ ತಲೆ ಬಾಗಿಸಿತು. ಅಳು ನಿಂತಿತು.

"ನೀನು ಮಗಾನ್ನ ನೋಡ್ತಿದ್ದೆ ಕಣಪ್ಪ. ನಾನು ಬೊಂಬೇನ ನೋಡ್ದೆ. ನಾವು ನೋಡ್ದೇ ಇದ್ರೆ ಅದ್ಯಾಕೆ ನೋಡ್ತದೆ?" ಎಂದರು ಅಜ್ಜಿ.

ಅವರು ಚಿಕ್ಕಂದಿನಲ್ಲಿ ರಾತ್ರಿಯಿಡೀ ಕೂತು ತೊಗಲುಬೊಂಬೆ ನೋಡಿದವರು. ನಾಗಮಂಗಲದ ಸೀಮೆ ಆ ಕಲೆಗೆ ಹೆಸರಾದದ್ದು. ನಮ್ಮ ತೊಗಲುಗೊಂಬೆಗಳಲ್ಲಿ ರಾಜರು, ದೇವರುಗಳು ದೊಡ್ಡ ಗೊಂಬೆ, ಸಾಮಾನ್ಯರು ಚಿಕ್ಕವು. ದೊಡ್ಡವು ಹೆಚ್ಚು ಅಲುಗುವುದಿಲ್ಲ. ಪರದೆಗೆ ಒತ್ತಿ ಹಿಡಿದರೆ ಗೆರೆ ಚುರುಕಾಗಿ ಕಾಣುತ್ತದೆ, ಸ್ವಲ್ಪ ಹಿಂದಕ್ಕೆಳೆದರೆ ಮಸುಕಾಗುತ್ತದೆ. ಅಷ್ಟರಲ್ಲೇ ರಾಮ ಬರಬೇಕು, ರಾವಣ ಹೋಗಬೇಕು. ಕೈಕಾಲು ಕುಣಿಸಿ ನಗಿಸುವ ಪಾಲು ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಹಾಸ್ಯಗೊಂಬೆಗಳದು. ಅವರ ಕುಣಿತಕ್ಕೆ ಕಳೆ ಬರುವುದೇ ಪಕ್ಕದಲ್ಲಿ ಇನ್ನೊಂದು ಗೊಂಬೆ ಅಲುಗದೆ ನಿಂತಿರುವುದರಿಂದ. ತೊಗಲುಗೊಂಬೆ ಆಡಿಸುವ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ತೊಂಬತ್ತು ದಾಟಿತ್ತು. ಒಂದು ಆಯುಷ್ಯವನ್ನೇ ಬೇಡುವ ವಿದ್ಯೆ ಅದು.

ಕೈಗೊಂಬೆ ಅಷ್ಟು ಕೇಳುವುದಿಲ್ಲ. ಕೇರಳದ ಪಾವಕಥಕಳಿ ಎಂಬ ಕೈಗೊಂಬೆಯಾಟದಲ್ಲಿ ತೋರುಬೆರಳು ತಲೆಗೆ, ಹೆಬ್ಬೆರಳು ಮತ್ತು ನಡುಬೆರಳು ಎರಡು ಕೈಗೆ. ಕಾಲುಚೀಲದ ಗೊಂಬೆಗಾದರೆ ಹೆಬ್ಬೆರಳೇ ಕೆಳದವಡೆ. ಮಾತಾಡಿಸುವಾಗ ಅದನ್ನೇ ಕೆಳಕ್ಕಿಳಿಸಬೇಕು. ಮೇಲಿನ ನಾಲ್ಕು ಬೆರಳು ಎತ್ತಿದಿರೋ, ಮಾತುಮಾತಿಗೂ ಗೊಂಬೆ ಸೂರು ನೋಡುತ್ತದೆ, ಎದುರಿಗಿದ್ದ ಮಗು ಕೈತಪ್ಪುತ್ತದೆ. ಅಜ್ಜಿಯ ಊರಿನ ಹೆಸರನ್ನೇ ಹೇಳಿಸಿ ನೋಡಿ: ಅಕ್, ಕಿ, ಹೆಬ್, ಬಾ, ಳು. ಬಾಯಿ ಐದು ಸಲ ತೆರೆಯಬೇಕು. 'ಹೆಬ್' ಎಂಬಲ್ಲಿ ಮುಚ್ಚಬೇಕು, 'ಬಾ' ಎಂಬಲ್ಲಿ ತೆರೆದೇ ಇರಬೇಕು. ಹತ್ತು ಸಲ ಹೇಳುವಷ್ಟರಲ್ಲಿ ಬೆರಳಿಗೆ ಕನ್ನಡ ಬರುತ್ತದೆ.

ಮಾತಿಲ್ಲದಾಗ ಮಣಿಕಟ್ಟು ಒಂದಿಷ್ಟು ಏರಿ ಇಳಿಯಲಿ, ಉಸಿರಾಡಿದ ಹಾಗೆ. ತೋಳು ಸೋತು ಗೊಂಬೆ ನೆಲದೊಳಕ್ಕೆ ಇಳಿಯುತ್ತ ಹೋಗದಿರಲಿ. ಅದು ನಿಂತ ನೆಲ ಎಲ್ಲಿದೆ ಎಂಬುದು ಮೊದಲಿಂದ ಕೊನೆಯವರೆಗೆ ಒಂದೇ ಆಗಿರಬೇಕು. ಎರಡು ಗೊಂಬೆ ಇದ್ದರೆ ಮಾತಾಡುವುದು ಮಾತ್ರ ಅಲುಗಲಿ, ಇನ್ನೊಂದು ಅದರ ಮುಖ ನೋಡುತ್ತ ಕೇಳಲಿ. ಕೇಳುವ ಗೊಂಬೆಯನ್ನು ಹಿಡಿಯುವುದೇ ಕಷ್ಟ. ನಾವು ಮಾತಿಗೆ ಹಾತೊರೆಯುತ್ತೇವೆ, ಕೈಯೂ ಹಾಗೇ ಹಾತೊರೆಯುತ್ತದೆ.

ಅಂಗನವಾಡಿಯಲ್ಲಿ, ಶಾಲೆಯಲ್ಲಿ ಪುಟ್ಟ ಮಕ್ಕಳ ಜೊತೆಗಿರುವವರು, ಮೊಮ್ಮಕ್ಕಳನ್ನು ಆಡಿಸುವವರು ಇವತ್ತೇ ಒಂದು ಒಂಟಿ ಕಾಲುಚೀಲ ಹುಡುಕಿ. ಮೊದಲ ಒಂದು ನಿಮಿಷ ಮಾತಾಡಬೇಡಿ. ಗೊಂಬೆ ಸುತ್ತ ನೋಡಲಿ, ಕಿಟಕಿ ಕಾಣಲಿ, ಮಗುವನ್ನು ಕಾಣಲಿ. ನೀವು ಗೊಂಬೆಯ ಮೇಲಿಂದ ಕಣ್ಣು ತೆಗೆಯಬೇಡಿ.