ಗಾಳ ಹಾಕೋನಿಗೆ ನದಿ ಪರ ಮಾತಾಡೋ ಹಕ್ಕಿದೆಯಾ?

ಮೀನು ಹಿಡಿಯೋನೇ ಬಂದು "ನದಿ ಉಳಿಸಿ" ಅಂದರೆ ಜನ ನಗ್ತಾರೆ. ಆದರೆ ಆ ನಗುವಿನ ಹಿಂದೆ ಇರೋ ಪ್ರಶ್ನೆ ಸಣ್ಣದಲ್ಲ. ಒಂದು ಜೀವಕ್ಕೆ ನೋವು ಕೊಡುವವನು ಅದರ ಪರವಾಗಿ ಮಾತಾಡಬಹುದಾ?

ನಮ್ಮ ರಾಜ್ಯದಲ್ಲೇ ಇದಕ್ಕೊಂದು ಉದಾಹರಣೆ ಇದೆ. 1972ರಲ್ಲಿ ಬೆಂಗಳೂರಿನ ಗಾಳದ ಹವ್ಯಾಸಿಗಳು ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಅನ್ನೋ ಸಂಘ ಕಟ್ಟಿದರು. ಕಾವೇರಿಯ ಒಂದು ಭಾಗವನ್ನ ಗುತ್ತಿಗೆಗೆ ಪಡೆದು, ಡೈನಮೈಟ್ ಸಿಡಿಸಿ ಮೀನು ಕೊಲ್ಲೋರನ್ನ ತಡೆಯೋಕೆ ಕಾವಲುಗಾರರನ್ನ ಇಟ್ಟರು. ಗಾಳಕ್ಕೆ ಬಿದ್ದ ಮಹಶೀರ್ ಮೀನನ್ನ ಮತ್ತೆ ನೀರಿಗೇ ಬಿಡೋದು ಅವರ ನಿಯಮ. ಅದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ವನ್ಯಪ್ರಾಣಿಯನ್ನ ಹಿಡಿಯೋದೂ ಬೇಟೆಯೇ. ಹಾಗಾಗಿ ಮುಂದೆ ಕಾವೇರಿ ವನ್ಯಧಾಮದಲ್ಲಿ ಗಾಳ ನಿಂತಿತು. 2018ರಲ್ಲಿ ಕಾವೇರಿಯ ಗೂನುಬೆನ್ನಿನ ಮಹಶೀರ್, ಐಯುಸಿಎನ್‌ನ ಪಟ್ಟಿಯಲ್ಲಿ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿ ಅಂತ ದಾಖಲಾಯಿತು.

ನಮ್ಮ ಸಂವಿಧಾನದ 51ಎ(ಜಿ) ವಿಧಿ ನದಿಗಳನ್ನ ಕಾಪಾಡಿ ಅನ್ನುತ್ತೆ, ಅದೇ ಉಸಿರಿನಲ್ಲಿ ಜೀವಿಗಳ ಮೇಲೆ ಕರುಣೆ ಇರಲಿ ಅಂತಲೂ ಅನ್ನುತ್ತೆ. ಗಾಳದವನು ಮೊದಲನೇ ಮಾತಿಗೆ ನಿಂತು ಎರಡನೇದರಲ್ಲಿ ಸೋಲ್ತಾನೆ. ಮೀನು ಮುಟ್ಟದ ನಮ್ಮಲ್ಲಿ ಎಷ್ಟೋ ಜನ ಎರಡನೇದನ್ನ ಪಾಲಿಸಿ ಮೊದಲನೇದನ್ನ ಮರೆತೇ ಬಿಟ್ಟಿದ್ದೀವಿ.

ನಮ್ಮ ಅಂಕಲಿಗೇ ಬನ್ನಿ. ಬೇಸಿಗೆಯಲ್ಲಿ ಕೃಷ್ಣೆ ಬತ್ತಿದರೆ ಕೊಯ್ನಾದಿಂದ ಇಷ್ಟು ಟಿಎಂಸಿ ಬಿಡಿ ಅಂತ ಮಹಾರಾಷ್ಟ್ರವನ್ನ ಕೇಳ್ತೀವಿ. ಎಷ್ಟು ನೀರು ಅಂತ ಕೇಳ್ತೀವಿ, ಎಂಥ ನೀರು ಅಂತ ಕೇಳೋದಿಲ್ಲ. ಕೊಲ್ಲಾಪುರ, ಇಚಲಕರಂಜಿಗಳ ಹೊಲಸು ಹೊತ್ತ ಪಂಚಗಂಗಾ ನರಸೋಬಾವಾಡಿಯಲ್ಲಿ ಕೃಷ್ಣೆಗೆ ಸೇರಿ ನಮ್ಮ ಕಡೆ ಬರುತ್ತೆ. ಪಂಪ್‌ಸೆಟ್‌ಗೆ ನೀರು ಸತ್ತಿದೆಯೋ ಬದುಕಿದೆಯೋ ಗೊತ್ತಾಗಲ್ಲ, ಎರಡನ್ನೂ ಎತ್ತುತ್ತೆ. ಮೀನಿಗೆ ಗೊತ್ತಾಗುತ್ತೆ. ಹೊಲಸು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕ ಖರ್ಚಾಗುತ್ತೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕದಲ್ಲಿ ಮೀನು ಬಾಳೋಕೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಬೇಕು. ಅದು ಇಳಿದಾಗ "ಮೀನ ಮ್ಯಾಲ ಬಂದ ಬಾಯಿ ಬಿಡಾಕತ್ತಾವು ನೋಡ್ರಿ" ಅಂತ ಮೊದಲು ಹೇಳೋನು ದಂಡೆ ಮ್ಯಾಲ ಕೂತವನೇ, ಅಂಬಿಗ ಇಲ್ಲಾ ಗಾಳದ ಹುಡುಗ. ಸಾಫ್ಟ್‌ವೇರ್‌ನಲ್ಲೂ ಅಷ್ಟೇ, ದಿನಾ ಬಳಸೋನ ದೂರು ನಮ್ಮ ವರದಿಗಿಂತ ಮುಂಚೆ ಬರುತ್ತೆ.

"ಅದು ಅವನ ಸ್ವಾರ್ಥ" ಅನ್ನಬಹುದು. ಹೌದು, ಸ್ವಾರ್ಥವೇ. ಆದರೆ ಇಡೀ ನದಿ ಬದುಕಿದರೆ ಮಾತ್ರ ತೀರೋ ಸ್ವಾರ್ಥ ಅದು. ಅದರಿಂದ ಅವನು ಕೊಟ್ಟ ನೋವು ಅಳಿಸಿ ಹೋಗಲ್ಲ. ನನ್ನ ಪ್ರಕಾರ ಮಾತಾಡೋ ಹಕ್ಕು ಬರೋದು ಕೈ ಶುದ್ಧ ಇರೋದರಿಂದ ಅಲ್ಲ, ಋಣದಿಂದ. ಹೊಳೆಯಿಂದ ತಗೊಂಡವನು ಹೊಳೆಗೆ ಸಾಲಗಾರ. ನಾನೂ ಸಾಲಗಾರನೇ. ಇದೇ ನೀರು ಕುಡಿದ ಕಬ್ಬಿನ ದುಡ್ಡಲ್ಲೇ ನನ್ನ ಬಿಇ ಫೀ ಕಟ್ಟಿದ್ದು.

ಋಣಕ್ಕೆ ಒಂದು ಪರೀಕ್ಷೆ ಇದೆ. ತಾನು ಗಾಳ ಹಾಕದ ಜಾಗದ ನೀರಿನ ಬಗ್ಗೆಯೂ ಅವನು ಮಾತಾಡ್ತಾನಾ? ಈ ಪರೀಕ್ಷೆ ನಮಗೂ ಇದೆ. ಕೊಲ್ಲಾಪುರದವರನ್ನ ಬೈಯೋದು ಸುಲಭ, ಅವರು ನಮ್ಮ ಮೇಲಿದ್ದಾರೆ. ಆದರೆ ಕುಡಚಿಯವರಿಗೆ ನಾವೇ ಮೇಲಿನವರು. ನಮ್ಮ ಗಟಾರ, ನಮ್ಮ ಹೊಲದ ಗೊಬ್ಬರ ಮತ್ತು ಔಷಧಿ, ನಮ್ಮ ಕಬ್ಬು ಅರೆಯೋ ಕಾರ್ಖಾನೆಗಳ ನೀರು ಕೆಳಗೆ ಹೇಗೆ ಹೋಗ್ತಿದೆ ಅಂತ ಗ್ರಾಮಸಭೆಯಲ್ಲಿ ಕೇಳಬೇಕು. ಗಾಳ ಹಿಡಿದ ಹುಡುಗ ಅದನ್ನ ಕೇಳಿದರೆ, "ನೀ ಮೀನ ಹಿಡಿಯಾವಾ, ಸುಮ್ಮ ಕೂಡ" ಅನ್ನಬೇಡಿ. ಉತ್ತರ ಕೊಡಿ.