ಇಂದಿನ ಧಮ್ಮ ಚಿಂತನೆ: ದೂರದ ಅಂಗಡಿಯ ಟಿಕೆಟ್



ಬಂಧುಗಳೇ, ಕಳೆದ ವಾರ ತ್ಯಾವಣಿಗೆಯ ಒಬ್ಬ ತಾಯಿ ಸಂಜೆ ಹೊತ್ತು ನಮ್ಮ ಮನೆಗೆ ಬಂದರು. ಅವರ ಮಗ ನನ್ನ ತರಗತಿಯಲ್ಲಿ ಓದುತ್ತಾನೆ. ಸೆರಗಿನಡಿ ಒಂದು ಅಂಚೆ ಲಕೋಟೆ, ಅದರೊಳಗೆ ಹೊಳೆಯುವ ಒಂದು ಕಾರ್ಡು. ಬೂದು ಬಣ್ಣದ ಲೇಪವನ್ನು ಆಗಲೇ ಉಜ್ಜಿದ್ದರು. ಕೆಳಗೆ ಕಾರಿನ ಚಿತ್ರ.

"ಸಾರ್, ಮೊದ್ಲು ತೆರಿಗೆ ಅಂತ ಹನ್ನೆರಡು ಸಾವಿರ ಹಾಕ್ಬೇಕಂತೆ. ಸಂಘದಾಗೆ ಸಾಲ ಎತ್ಲಾ? ನೀವು ಓದಿದೋರು, ನೋಡಿ ಹೇಳ್ರಿ."

'ಓದಿದೋರು' ಎಂಬ ಮಾತು ಚುಚ್ಚಿತು. ಯಾಕೆಂದು ನಮ್ಮ ಬಳಗದಲ್ಲಿ ಇದುವರೆಗೆ ಹೇಳಿಕೊಂಡಿರಲಿಲ್ಲ. ಇವತ್ತು ಬರೆಯುತ್ತೇನೆ.

2001ರಲ್ಲಿ ನಾನು ದಾವಣಗೆರೆಯಲ್ಲಿ ಬಿ.ಎ. ಓದುತ್ತಿದ್ದೆ. ಆಗ ಬೀಡಿ ಅಂಗಡಿಗಳಲ್ಲೆಲ್ಲ ಲಾಟರಿ ಟಿಕೆಟ್‌ಗಳ ಮಾಲೆ ತೂಗಾಡುತ್ತಿತ್ತು. ಬಹುಮಾನವನ್ನು ಒಂದೇ ಅಂಕಿಯ ಮೇಲೆ ಇಡಬಾರದು ಎಂದು 1998ರ ಕೇಂದ್ರ ಕಾಯ್ದೆ ಹೇಳಿದ್ದರೂ ಒಂದಂಕಿ ಆಟ ನಿಂತಿರಲಿಲ್ಲ. ನಮ್ಮ ಚಿಕ್ಕಪ್ಪನಿಗೆ ಮಾತ್ರ ಉಜ್ಜುವ ಟಿಕೆಟ್ಟೇ ಬೇಕು. ಅವರದೊಂದು ಸಿದ್ಧಾಂತವಿತ್ತು: "ಪ್ಯಾಟೇಲಿ ಗೆಲ್ಲೋವೆಲ್ಲ ಆಗ್ಲೇ ಖಾಲಿ ಆಗಿರ್ತಾವೆ. ಹಳ್ಳಿ ಅಂಗಡೀಲಿ ಯಾರೂ ಮುಟ್ಟಿರಲ್ಲ. ಲಕ್ಷದ ಟಿಕೆಟ್ ಅಲ್ಲೇ ಕುಂತಿರ್ತೈತಿ."

ರಜೆಯಲ್ಲಿ ನನ್ನನ್ನೂ ಕರೆದೊಯ್ಯುತ್ತಿದ್ದರು. ನಲ್ಕುದುರೆ, ಕಾರಿಗನೂರು, ಬಸವಾಪಟ್ಟಣ, ಸಂತೆಬೆನ್ನೂರು. ಬಸ್ಸಿಲ್ಲದ ಕಡೆ ಭದ್ರಾ ಕಾಲುವೆ ಏರಿ ಮೇಲೆ ನಡಿಗೆ. ನನ್ನ ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್. ಊರು, ಅಂಗಡಿ, ಉಳಿದ ಟಿಕೆಟ್ ಎಷ್ಟು, ಅಂಗಡಿ ಮುಂದೆ ಉಜ್ಜಿ ಎಸೆದವು ಎಷ್ಟು ಎಂದು ಗೆರೆ ಎಳೆದು ಬರೆಯುತ್ತಿದ್ದೆ. ನೆಲದ ಮೇಲೆ ಬಿದ್ದವನ್ನು ಕೂತು ಎಣಿಸುವುದೂ ನನ್ನದೇ ಕೆಲಸ. ಸೋತವು ಇಷ್ಟು ಬಿದ್ದಿವೆಯೆಂದರೆ ಗೆಲ್ಲುವುದು ಹತ್ತಿರವಾಯಿತು ಎಂದು ಚಿಕ್ಕಪ್ಪನಿಗೆ ವಿವರಿಸಿದವನೂ ನಾನೇ.

ಸಂತೆಬೆನ್ನೂರಿನಲ್ಲಿ ಒಮ್ಮೆ ಐನೂರು ರೂಪಾಯಿ ಬಂತು. ಅವತ್ತು ಮನೆಯಲ್ಲಿ ಬಾಡೂಟ. ಅದಾದ ಮೇಲೆ ಚಿಕ್ಕಪ್ಪ ನೋಟ್‌ಬುಕ್ಕನ್ನು ದೇವರ ಪಟದ ಹಿಂದೆ ಇಡತೊಡಗಿದರು. (ಆಗ ಮನೆಯಲ್ಲಿ ಪಟಗಳಿದ್ದವು.) ಸೋತಿದ್ದರೆ ಬಿಟ್ಟುಬಿಡುತ್ತಿದ್ದರೇನೋ. ಆ ಐನೂರೇ ನಮ್ಮನ್ನು ಕಟ್ಟಿಹಾಕಿತು.

ಅವ್ವ ಎರಡು ಮೇಕೆ ಮಾರಿ, ತಂಗಿಯ ಪಿಯುಸಿ ಸೇರ್ಪಡೆಗೆಂದು ದುಡ್ಡು ಎತ್ತಿಟ್ಟಿದ್ದಳು. ಒಂದೇ ವಾರ, ವಾಪಸ್ ಇಡ್ತೀನಿ ಎಂದು ಚಿಕ್ಕಪ್ಪ ಕೇಳಿದರು. "ಲೆಕ್ಕ ಸರಿಯೈತೆ ಅವ್ವ, ಕೊಡು" ಎಂದೆ. ಕಾಲೇಜು ಕಟ್ಟೆ ಹತ್ತಿದ ಮಗ ಹೇಳಿದ ಮೇಲೆ ಅವಳು ಮತ್ತೆ ಕೇಳಲಿಲ್ಲ, ಕೊಟ್ಟಳು.

ತಂಗಿ ಆ ವರ್ಷ ಭತ್ತದ ನಾಟಿಗೆ ಹೋದಳು. ಅಳಲಿಲ್ಲ. ಒಂದು ರಾತ್ರಿ ನೋಟ್‌ಬುಕ್ ತಿರುವಿಹಾಕಿ ಕೇಳಿದಳು: "ಅಣ್ಣ, ಇದ್ರಾಗೆ ನನ್ ದುಡ್ಡು ಎಲ್ಲಿ ಬರ್ದೀಯ?" ಎಲ್ಲದಕ್ಕೂ ಒಂದೊಂದು ಕಾಲಂ ಇತ್ತು, ಅದಕ್ಕಿರಲಿಲ್ಲ.

ನಮ್ಮ ಲೆಕ್ಕ ತಪ್ಪಿದ್ದೆಲ್ಲಿ ಎಂದು ಅರ್ಥವಾಗಲು ವರ್ಷಗಳೇ ಬೇಕಾದವು. ಕೆನಡಾದ ಟೊರೊಂಟೊದಲ್ಲಿ ಮೋಹನ್ ಶ್ರೀವಾಸ್ತವ ಎಂಬ ಸಂಖ್ಯಾಶಾಸ್ತ್ರಜ್ಞರಿದ್ದಾರೆ. ನೆಲದಡಿ ಚಿನ್ನ ಎಷ್ಟಿದೆ ಎಂದು ಗಣಿ ಕಂಪನಿಗಳಿಗೆ ಲೆಕ್ಕ ಹಾಕಿ ಕೊಡುವುದು ಅವರ ವೃತ್ತಿ. 2003ರಲ್ಲಿ ಅಲ್ಲಿನ ಒಂದು ಉಜ್ಜುವ ಟಿಕೆಟ್‌ನಲ್ಲಿ ಅವರು ಒಂದು ದೋಷ ಕಂಡರು. ಲೇಪದ ಹೊರಗೆ ಕಾಣುವಂತೆ ಅಚ್ಚಾದ ಅಂಕಿಗಳಲ್ಲಿ, ಒಂದೇ ಸಲ ಬರುವ ಅಂಕಿಗಳು ಮೂರು ಒಂದೇ ಸಾಲಿನಲ್ಲಿ ಬಿದ್ದಿದ್ದರೆ ಆ ಟಿಕೆಟ್ ಬಹುತೇಕ ಗೆಲ್ಲುತ್ತಿತ್ತು. ದಿನಕ್ಕೆ ಸುಮಾರು 600 ಡಾಲರ್ ದುಡಿಯಬಹುದಿತ್ತು. ಅಂಗಡಿ ಅಂಗಡಿ ಸುತ್ತುವುದಕ್ಕಿಂತ ತನ್ನ ಕೆಲಸವೇ ಮೇಲು ಅನ್ನಿಸಿ, ಅವರು ಲಾಟರಿ ಕಚೇರಿಗೇ ತಿಳಿಸಿದರು. ಉಜ್ಜದ 20 ಟಿಕೆಟ್‌ಗಳನ್ನು ಗೆಲ್ಲುವವು, ಸೋಲುವವು ಎಂದು ವಿಂಗಡಿಸಿ ಕಳಿಸಿದರು. 19 ಸರಿಯಾಗಿದ್ದವು. ಆ ಆಟವನ್ನು ಹಿಂದಕ್ಕೆ ಪಡೆಯಲಾಯಿತು.

ಅವರಿಗೆ ಸಿಕ್ಕಿದ್ದು ಟಿಕೆಟ್ ಮೇಲೇ ಅಚ್ಚಾಗಿದ್ದ ಒಂದು ಕಾರಣ. ನಮ್ಮ ಹತ್ತಿರ ಇದ್ದದ್ದು ಅಂಗಡಿಯ ದೂರ ಮಾತ್ರ. ಬೆಳ್ಳಿ ಲೇಪದ ಕೆಳಗೆ ಏನಿದೆ ಎಂಬುದು ಅಚ್ಚಿನ ಮನೆಯಲ್ಲೇ ತೀರ್ಮಾನವಾಗಿರುತ್ತದೆ. ಟಿಕೆಟ್ ದಾವಣಗೆರೆಯಲ್ಲಿ ತೂಗಾಡಿದರೇನು, ಕಾರಿಗನೂರಿನಲ್ಲಿ ತೂಗಾಡಿದರೇನು? ಒಂದು ಕಂತೆಯಲ್ಲಿ ಇಷ್ಟೇ ಬಹುಮಾನ ಎಂಬುದು ಮೊದಲೇ ಗೊತ್ತಿದ್ದರೆ ಎಣಿಕೆಗೆ ಒಂದಿಷ್ಟು ಅರ್ಥವಿರುತ್ತಿತ್ತು. ನಮಗೆ ಗೊತ್ತಿರಲಿಲ್ಲ, ಗೆರೆ ಎಳೆದು ಬರೆದದ್ದಷ್ಟೇ. ಕಾರಣವಿಲ್ಲದೆ ಫಲವಿಲ್ಲ ಎಂದು ತಥಾಗತರು ಕಲಿಸಿದ್ದನ್ನು ನಾವು ಬಾಯಲ್ಲಿ ಹೇಳುತ್ತೇವೆ. ಜೇಬಿನ ದುಡ್ಡಿನ ವಿಷಯ ಬಂದಾಗ ಮರೆಯುತ್ತೇವೆ.

ಎಂ.ಎ.ನಲ್ಲಿ ಕುಮಾರವ್ಯಾಸನ ಜೂಜಿನ ಪ್ರಸಂಗ ಓದಿದ್ದೆ. ಅಲ್ಲಿ ವಿಧಿಯ ಮಾತು ಬಹಳ. ಆಮೇಲೆ ಸಿಗಾಲೋವಾದ ಸುತ್ತ ಓದಿದಾಗ ಬೆರಗಾಯಿತು. ರಾಜಗೃಹದಲ್ಲಿ ಒದ್ದೆ ಬಟ್ಟೆಯಲ್ಲಿ ದಿಕ್ಕುಗಳಿಗೆ ಕೈಮುಗಿಯುತ್ತಿದ್ದ ಸಿಗಾಲನಿಗೆ ಭಗವಾನರು ಜೂಜಿನ ಆರು ಕೇಡು ಎಣಿಸಿ ಹೇಳುತ್ತಾರೆ. ಗೆದ್ದರೆ ಹಗೆ, ಸೋತರೆ ಕಳೆದದ್ದರ ಕೊರಗು, ಇದ್ದ ಸಂಪತ್ತು ಕರಗುವುದು, ಸಭೆಯಲ್ಲಿ ಮಾತಿಗೆ ಬೆಲೆಯಿಲ್ಲ, ಗೆಳೆಯರ ತಿರಸ್ಕಾರ, ಹೆಂಡತಿಯನ್ನು ಸಾಕಲಾರನೆಂದು ಹೆಣ್ಣು ಕೊಡುವವರಿಲ್ಲ. ವಿಧಿಯಿಲ್ಲ, ಶಾಪವಿಲ್ಲ, ಎಲ್ಲ ಸಂಸಾರದ ಲೆಕ್ಕ. ತಂಗಿ ಕೇಳಿದ ಕಾಲಂ ಅಲ್ಲಿತ್ತು.

ಬಡವನ ಸ್ಥಿತಿಗೆ ಹಿಂದಿನ ಜನ್ಮದ ಕರ್ಮವೇ ಕಾರಣ ಎಂದರೆ ಸಮಾಜವೂ ಸರ್ಕಾರವೂ ತಮ್ಮ ಹೊಣೆಯಿಂದ ಜಾರಿಕೊಳ್ಳುತ್ತವೆ ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಎಚ್ಚರಿಸಿದ್ದಾರೆ. ನಾವು ಹಣೆಬರಹವನ್ನು ಬಿಟ್ಟು ಬಂದವರು. ಆದರೂ ಅದೇ ಹಣೆಬರಹವನ್ನು ಬೂದು ಲೇಪದ ಕೆಳಗೆ ಉಗುರಿನಿಂದ ಕೆರೆದು ಹುಡುಕುತ್ತಿದ್ದೇವೆ. ಹುಡುಗಿಗೆ ಕಾಲೇಜು ಫೀಸು ಯಾಕಿಲ್ಲ ಎಂದು ಆ ವರ್ಷ ನಾನು ಯಾವ ಕಚೇರಿಯಲ್ಲೂ ಕೇಳಲಿಲ್ಲ. ಅಂಗಡಿ ಅಂಗಡಿಯಲ್ಲಿ ಟಿಕೆಟ್ ಕೇಳುತ್ತಿದ್ದೆ.

ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಷೇಧವಾಯಿತು. ಆಸೆಯೇನೂ ನಿಲ್ಲಲಿಲ್ಲ. 2024ರಲ್ಲಿ ಕೇರಳದ ಓಣಂ ಬಂಪರ್‌ನ 25 ಕೋಟಿ ಮಂಡ್ಯ ಜಿಲ್ಲೆಯವರೊಬ್ಬರಿಗೆ ಬಂದಾಗ ನಮ್ಮ ಸ್ಟಾಫ್ ರೂಮಿನಲ್ಲೂ ಅದೇ ಮಾತು. ಆ ಸಲ 70 ಲಕ್ಷಕ್ಕೂ ಹೆಚ್ಚು ಟಿಕೆಟ್ ಮಾರಾಟವಾಗಿದ್ದವು, ಒಂದೊಂದಕ್ಕೆ 500 ರೂಪಾಯಿ. ಉಳಿದವರ ಬಗ್ಗೆ ಯಾರೂ ಮಾತಾಡಲಿಲ್ಲ.

ಆ ತಾಯಿಗೆ ಹೇಳಿದೆ: ಕೊಡುವವನು ಮೊದಲು ದುಡ್ಡು ಕೇಳುವುದಿಲ್ಲ, ಇದು ಮೋಸ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು, ನಿಮ್ಮದಿನ್ನೂ ಹೋಗಿಲ್ಲ. ಅವರ ಮುಖದಲ್ಲಿ ಸಮಾಧಾನವೇನೂ ಕಾಣಲಿಲ್ಲ. "ಹುಡುಗ ಮೂರು ದಿನದಿಂದ ಅದ್ನ ದಿಂಬಿನಡಿ ಇಟ್ಕೊಂಡು ಮಲಗ್ತಾನೆ ಸಾರ್" ಎಂದರು. ಹುಡುಗನನ್ನೂ ಕರೆಸಿ ಕೂರಿಸಿಕೊಂಡು ನನ್ನ ನೋಟ್‌ಬುಕ್ಕಿನ ಕತೆ ಹೇಳಿದೆ. ಪೂರ್ತಿ ನಂಬಿದನೋ ಇಲ್ಲವೋ, ಕಾರ್ಡನ್ನು ಮಾತ್ರ ನನ್ನ ಹತ್ತಿರವೇ ಬಿಟ್ಟುಹೋದ.

ಈ ಭಾನುವಾರ ವಂದನೆಯ ನಂತರ ಸಿಗಾಲೋವಾದ ಸುತ್ತ ಓದುತ್ತೇವೆ. ಓದುವವಳು ನನ್ನ ತಂಗಿ. ಇಂಥ ಕಾರ್ಡು ಯಾರ ಮನೆಗೆ ಬಂದಿದ್ದರೂ ತನ್ನಿ, ಉಜ್ಜಿದ್ದರೂ ಸರಿಯೇ. ಬೈಯುವವರು ಯಾರೂ ಇಲ್ಲ.

ಜೈಭೀಮ್.